ಹಾಡಿನಲ್ಲಿ ಹಿಂದಿನ ಸಾಲು



ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ ನಾನು ಟಿ.ವಿ.ಯಲ್ಲಿ ನೋಡಿದ ಸಿನಿಮಾ ಹಾಡುಗಳಿಗೆ ಲೆಕ್ಕವಿಲ್ಲ. ಹೆಚ್ಚಿನವಕ್ಕೆ ಒಂದೇ ಪಾಕ: ಪಲ್ಲವಿಗೊಂದು ಉಡುಪು, ಚರಣಕ್ಕೊಂದು ಊರು, ತಾಳ ಬಿದ್ದಲ್ಲೆಲ್ಲ ದೃಶ್ಯ ಬದಲು. ನಾಯಕ ತುಟಿ ಆಡಿಸುತ್ತಾನೆ, ಕಂಠ ಬೇರೆಯವರದು. ಅವನ ಬೆನ್ನ ಹಿಂದೆ ಒಂದೇ ಬಣ್ಣ ತೊಟ್ಟು ಕುಣಿಯುವವರ ಸಾಲು. ಆ ಸಾಲಿನ ಒಂದು ಮುಖವಾದರೂ ನಿಮಗೆ ನೆನಪಿದೆಯೇ? ನಮ್ಮಲ್ಲೂ ಗಿರಾಕಿಗೆ ಕಾಣುವುದು ಗಲ್ಲಾಪೆಟ್ಟಿಗೆ; ಒಲೆಯ ಮುಂದಿನವನಲ್ಲ.

2023ರಲ್ಲಿ ‘ನಾಟು ನಾಟು’ ಹಾಡಿಗೆ ಆಸ್ಕರ್ ಬಂದಾಗ ನಾವೂ ಸಿಹಿ ಹಂಚಿದೆವು. 2025ರ ಆಗಸ್ಟಿನಲ್ಲಿ ಇದೇ ಹೈದರಾಬಾದಿನ ಸಿನಿಮಾ ಕೆಲಸಗಾರರು ಶೇಕಡಾ 30 ಕೂಲಿ ಹೆಚ್ಚಳ ಕೇಳಿ 18 ದಿನ ಕೆಲಸ ನಿಲ್ಲಿಸಿದರು. ಕೇಳಿದಷ್ಟು ಸಿಗದಿದ್ದರೂ ಕೂಲಿ ಹೆಚ್ಚಿತು. ಆಗ ನಮ್ಮಲ್ಲಿ ಎಷ್ಟು ಜನ ವಿಚಾರಿಸಿದೆವು?

ಹಾಡು ನೋಡಿ, ಸಂತೋಷಪಡಿ. ಹಿಂದಿನ ಸಾಲನ್ನೂ ನೋಡಿ. ಅದು ನಿಂತರೆ ನಾಯಕನೂ ಕುಣಿಯಲಾರ.