ಮೃದಂಗಕ್ಕೆ ಕೈಯಿಡುವವರಿಗೆ

ಮೃದಂಗ ಕಲಿಯಬೇಕೆಂಬ ಆಸೆ ಸಾಮಾನ್ಯವಾಗಿ ಕಚೇರಿಯಲ್ಲಿ ತನಿಯಾವರ್ತನ ಕೇಳಿದ ರಾತ್ರಿ ಹುಟ್ಟುತ್ತದೆ. ಬಹುಮಂದಿಯಲ್ಲಿ ಮೂರು ತಿಂಗಳೊಳಗೆ ಅಡಗಿಹೋಗುತ್ತದೆ. ಕಿವಿ ಕೇಳಿ ಬಂದದ್ದು ಮಿಂಚಿನ ನಡೆಯನ್ನು. ಗುರುಗಳು ಕೊಡುವುದು ನಾಲ್ಕೇ ನಾಲ್ಕು ಸೊಲ್ಲು: ತ, ದಿ, ತೋಂ, ನಂ. ಇಂದೂ ಅದೇ, ಮುಂದಿನ ವಾರವೂ ಅದೇ. ಐವತ್ತು ದಾಟಿದ ಮೇಲೆ, ನನ್ನ ಶಿಷ್ಯರ ವಯಸ್ಸಿನ ಗುರುವೊಬ್ಬರ ಮುಂದೆ ನಾನೂ ಈ ನಾಲ್ಕು ಸೊಲ್ಲುಗಳಿಗೆ ಕುಳಿತವನು. ಹೊಸದಾಗಿ ಕೈಯಿಡುವ ನಿಮಗೆ ಉಪಯೋಗವಾಗಬಹುದಾದ ನಾಲ್ಕು ಮಾತುಗಳನ್ನು ಆ ಸಲಿಗೆಯಿಂದ ಹೇಳುತ್ತೇನೆ.

ಮೊದಲು ವಾದ್ಯದ ಪರಿಚಯವಾಗಲಿ. ಹಲಸಿನ ಮರವನ್ನು ಕೊರೆದು ಮಾಡಿದ ಒಡಲು. ಬಲಗಡೆ ಚಿಕ್ಕ ಮುಖ, ಎಡಗಡೆ ದೊಡ್ಡ ಮುಖ. ಎಡದ್ದಕ್ಕೆ ತೊಪ್ಪಿ ಎಂದು ಹೆಸರು. ನುಡಿಸುವ ಮುನ್ನ ಅದರ ನಡುವೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತುತ್ತಾರೆ. ಗಂಭೀರವಾದ ನಾದ ಬರುವುದು ಅದರಿಂದ. ಬಲದ ಮುಖದ ನಡುವೆ ಕಾಣುವ ಕಪ್ಪು ವೃತ್ತವೇ ಕರಣೆ. ಅದು ಅಲಂಕಾರಕ್ಕೆ ಹಾಕಿದ ಬೊಟ್ಟೆಂದು ತಿಳಿಯಬೇಡಿ. ಬರಿಯ ಚರ್ಮದ ವಾದ್ಯದ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರ ಅವನ್ನು ಹೊಂದಿಸುತ್ತದೆ. ಇದನ್ನು ಸಿ. ವಿ. ರಾಮನ್ನರು 1920ರಲ್ಲಿ ಶಿವಕಾಳಿ ಕುಮಾರರೊಡನೆ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. 1934ರಲ್ಲಿ ಮತ್ತೆ ವಿಸ್ತರಿಸಿ ಬರೆದರು. ಮೃದಂಗವನ್ನು ಗಾಯಕನ ಷಡ್ಜಕ್ಕೆ ಶ್ರುತಿಮಾಡಲು ಸಾಧ್ಯವಾಗಿರುವುದು ಈ ಗುಣದಿಂದ.

ಇನ್ನು ಕೈ. ಎಡಗೈಯ ನಾಲ್ಕು ಬೆರಳು ಕೂಡಿಸಿ ತೊಪ್ಪಿಯ ಮೇಲೆ ಒತ್ತಿ ಹೊಡೆದರೆ ‘ತ’. ಬಲಗೈಯ ಕೊನೆಯ ಮೂರು ಬೆರಳು ಸೇರಿಸಿ ಕರಣೆಯ ನಡುವೆ ಹೊಡೆದರೆ ‘ದಿ’. ಎಡಗೈ ತೊಪ್ಪಿಗೆ ತಾಕಿದೊಡನೆ ಪುಟಿದೇಳಬೇಕು, ಅದು ‘ತೋಂ’. ‘ನಂ’ ಮಾತ್ರ ಹೊಸಬನನ್ನು ಅಳಿಸುವ ಸೊಲ್ಲು. ತೋರುಬೆರಳು ಬಲಮುಖದ ಅಂಚನ್ನು ಹೊಡೆಯಬೇಕು. ಅದೇ ಹೊತ್ತಿಗೆ ಉಂಗುರಬೆರಳು ಕರಣೆಯ ಅಂಚಿನ ಮೇಲೆ ಹೂವಿನಂತೆ ಕೂತಿರಬೇಕು. ಅದು ಒತ್ತಿದರೆ ನಾದ ಸತ್ತಿತು. ಎದ್ದರೆ ನಾದ ಚೆದುರಿತು. ಬಲ ಹಾಕಿದಷ್ಟೂ ಬೆರಳು ನೋಯುವುದೇ ಹೊರತು ನಾದ ಏಳುವುದಿಲ್ಲ. ಒಂದು ದಿನ ಸಂಜೆ, ನೀವು ಕಾಯುವುದನ್ನೇ ಬಿಟ್ಟಿರುವಾಗ, ಗಂಟೆಯಂಥ ಒಂದು ‘ನಂ’ ಹೊರಡುತ್ತದೆ. ಮರುಗಳಿಗೆಯ ‘ನಂ’ ಮತ್ತೆ ಹಲಗೆ ತಟ್ಟಿದಂತೆ ಕೇಳಿಸಬಹುದು, ಎದೆಗುಂದಬೇಡಿ. ಬೆರಳಿಟ್ಟ ಜಾಗದಲ್ಲಿ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಸ್ವಲ್ಪ ಭೇದವುಂಟು. ನಿಮ್ಮ ಗುರುಗಳು ತೋರಿಸಿದ್ದೇ ನಿಮಗೆ ಪ್ರಮಾಣ.

ಕೈಗಿಂತ ಮೊದಲು ಬಾಯಿ ಕಲಿಯಬೇಕು. ಆದಿತಾಳದ ಎಂಟು ಅಕ್ಷರಗಳನ್ನು ಕೈಯಲ್ಲಿ ಹಾಕುತ್ತ ಸೊಲ್ಲುಗಳನ್ನು ಹೇಳಿ. ಒಂದನೆಯ ಕಾಲದಲ್ಲಿ ನಾಲ್ಕು ಸೊಲ್ಲುಗಳ ಗುಂಪು ಆವರ್ತಕ್ಕೆ ಎರಡು ಬಾರಿ, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಎಂಟು ಬಾರಿ ಬರುತ್ತದೆ. ಸೊಲ್ಲು ಓಡಿದರೂ ತಾಳ ಓಡಕೂಡದು. ಈಗ ತಾಳ ಹಾಕಿಕೊಡುವ ಯಂತ್ರಗಳುಂಟು, ಬೇಡವೆನ್ನುವುದಿಲ್ಲ; ಆದರೆ ಸ್ವಂತ ತೊಡೆಯ ಮೇಲೆ ತಟ್ಟಿದ ತಾಳ ಮೈಗೆ ಹತ್ತುವಂತೆ ಅದು ಹತ್ತದು.

ಇಲ್ಲಿ ಕನ್ನಡ ಪಂಡಿತನ ಒಂದು ಮಾತು. ಛಂದಸ್ಸಿನ ಲಘುವಿಗೆ ಒಂದೇ ಮಾತ್ರೆ, ಆದಿತಾಳದ ಲಘುವಿಗೆ ನಾಲ್ಕು ಅಕ್ಷರ. ಹೆಸರೊಂದೇ ಎಂದು ಬೆರೆಸಿಕೊಳ್ಳಬೇಡಿ. ಆದರೆ ನಂಟು ಇಲ್ಲದೆ ಇಲ್ಲ. ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿ ನೋಡಿ: ಅದೇ ಮಿಶ್ರದ ಏಳು. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿದ ಕಿವಿಗೆ ಆ ಏಳು ಆಗಲೇ ಪರಿಚಿತ. ಮಿಶ್ರದ ಎಣಿಕೆಯಲ್ಲಿ ತಡವರಿಸುತ್ತಿದ್ದ ಹುಡುಗರಿಗೆ ಷಟ್ಪದಿ ಓದಿಸಿದ್ದೇನೆ. ಬೆರಳಲ್ಲಿ ಎಣಿಸುವುದನ್ನು ಬಿಟ್ಟು ಬೇಗನೆ ಸರಾಗವಾಗಿ ಹೇಳಿದರು.

ವಯಸ್ಸಾದವರು ಕೇಳುತ್ತಾರೆ, ಗಂಟು ಬಿಗಿದ ಈ ಬೆರಳಿಗೆ ಬಂದೀತೇ ಎಂದು. ಮೂರನೆಯ ಕಾಲ ನನಗೆ ಇನ್ನೂ ಬಂದಿಲ್ಲ, ಬರುವುದೋ ಇಲ್ಲವೋ. ಆದರೆ ಕಚೇರಿಯಲ್ಲಿ ಕುಳಿತಾಗ ಹಿಂದೆ ಬರಿಯ ಗದ್ದಲವಾಗಿದ್ದ ಜಾಗದಲ್ಲಿ ಈಗ ಸೊಲ್ಲುಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆ ಫಲ ಇಷ್ಟು ಬೇಗ ಕೈಸೇರೀತೆಂದು ಯಾರೂ ಹೇಳಿರಲಿಲ್ಲ.

ಉಗುರು ಕತ್ತರಿಸಿಯೇ ಕೂರಿ. ಅಭ್ಯಾಸ ಮುಗಿದೊಡನೆ ತೊಪ್ಪಿಯ ರವೆಯನ್ನು ಕೆರೆದು ಒರೆಸಿಡಿ. ಒಣಗಲು ಬಿಟ್ಟರೆ ಚರ್ಮ ಕೆಡುತ್ತದೆ.