ಟ್ರಾಕ್ಟರಿನ ಡೀಸೆಲ್ ಫಿಲ್ಟರು: ಕಂಪನಿ ಮಾಲೋ, ಹೊರಗಿನ ಮಾಲೋ?

(ತುಮಕೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜಕೀಯದ ಮಾತು ಕೇಳಲು ಬಂದವರ ಮುಂದೆ ಇಂದು ನಾವು ಡೀಸೆಲ್ ಫಿಲ್ಟರಿನ ವಿಷಯ ತೆಗೆಯುತ್ತಿದ್ದೇವೆ. ಆಶ್ಚರ್ಯಪಡಬೇಡಿ. ಗುಬ್ಬಿಯ ಕಡೆಯಿಂದ ತೆಂಗಿನಕಾಯಿ, ಕುಣಿಗಲ್ ದೊಡ್ಡಕೆರೆಯ ಬಯಲಿನಿಂದ ಭತ್ತ, ಎರಡು ಕಡೆಯಿಂದಲೂ ರಾಗಿ, ಇವನ್ನು ಹೊತ್ತು ತರುವುದು ಟ್ರಾಕ್ಟರು. ಅದು ನಡುದಾರಿಯಲ್ಲಿ ನಿಂತಿತೆಂದರೆ ಗಿರಣಿಯ ಬಾಗಿಲಲ್ಲಿ ಕಾದು ಕುಳಿತ ಹಮಾಲಿಗೆ ಅಂದಿನ ಕೂಲಿಯಿಲ್ಲ. ಮಂಡಿಪೇಟೆಯ ಅಂಗಡಿಗೆ ಮಾಲಿಲ್ಲ. ಟ್ರಾಕ್ಟರಿನ ಚಾಲಕನಿಗೆ ಒಡೆಯನ ಬೈಗುಳ. ನಿಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಅಣ್ಣತಮ್ಮಂದಿರ ಜೊತೆ ಟ್ರಾಕ್ಟರಿನಲ್ಲಿ ಪಾಲುಂಟು. ಇನ್ನು ಕೆಲವರು ಬಿಡಿಭಾಗಗಳನ್ನು ಮಾರುವವರೇ. ಆದುದರಿಂದ ಇದು ಯಾರೋ ಸಾಹುಕಾರನ ಯಂತ್ರದ ಸಮಸ್ಯೆಯಲ್ಲ. ನಮ್ಮ ಅನ್ನದ ಸಮಸ್ಯೆ.

ಅಂಗಡಿಗೆ ಹೋಗಿ ಫಿಲ್ಟರು ಕೇಳಿದರೆ ಹುಡುಗ ಮರುಪ್ರಶ್ನೆ ಹಾಕುತ್ತಾನೆ: "ಒರಿಜಿನಲ್ ಕೊಡಲೋ, ಡೂಪ್ಲಿಕೇಟ್ ಕೊಡಲೋ?" ಕೊಳ್ಳುವವನು ಜೇಬು ಮುಟ್ಟಿ ನೋಡಿಕೊಂಡು ಉತ್ತರ ಹೇಳುತ್ತಾನೆ. ಈ ಪ್ರಶ್ನೆಯೇ ಸರಿಯಿಲ್ಲವೆಂದು ತೋರಿಸಿಕೊಡುವುದೇ ಈ ಹೊತ್ತಿನ ನಮ್ಮ ಮಾತಿನ ಉದ್ದೇಶ.

ಮೊದಲು ಈ ಫಿಲ್ಟರು ಮಾಡತಕ್ಕ ಕೆಲಸವೇನು, ನೋಡೋಣ. ಟ್ಯಾಂಕಿನ ಡೀಸೆಲನ್ನು ಚಿಕ್ಕದೊಂದು ಪಂಪು ಎಳೆದು ಫಿಲ್ಟರಿಗೆ ಕೊಡುತ್ತದೆ. ಫಿಲ್ಟರಿನಲ್ಲಿ ಸೋಸಿದ ಡೀಸೆಲು ದೊಡ್ಡ ಪಂಪಿಗೆ, ಅಂದರೆ ಇಂಜೆಕ್ಷನ್ ಪಂಪಿಗೆ ಹೋಗುತ್ತದೆ. ಆ ಪಂಪು ಅದನ್ನು ಒತ್ತಿ ನಾಜಲಿಗೆ ತಳ್ಳುತ್ತದೆ. ನಾಜಲು ಅದನ್ನು ಮಂಜಿನಂತೆ ಮಾಡಿ ಎಂಜಿನ್ನಿನೊಳಗೆ ಚಿಮ್ಮಿಸುತ್ತದೆ. ಹಳೆಯ ಮಾದರಿಯ ನಾಜಲು ಬಾಯಿ ತೆರೆಯಬೇಕಾದರೆ 200 ಬಾರ್ ಸುಮಾರಿನ ಒತ್ತಡ ಬೇಕು. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡಕ್ಕಿಂತ ಇದು ಸುಮಾರು ನೂರು ಪಟ್ಟು. ಅಷ್ಟು ಒತ್ತಡ ಸೋರಿಹೋಗದಂತೆ ತಡೆಯಲು ಪಂಪಿನ ಕೊಳವೆಗೂ ಅದರೊಳಗೆ ಓಡಾಡುವ ದಂಡಕ್ಕೂ ನಡುವೆ ಬಿಟ್ಟಿರುವ ಸಂದು ಎಷ್ಟು ಗೊತ್ತೆ? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡರಿಂದ ನಾಲ್ಕು ಪಾಲು. ನಮ್ಮ ತಲೆಗೂದಲೇ ಅಂಥ ಎಪ್ಪತ್ತು ಪಾಲು ದಪ್ಪವಿರುತ್ತದೆ!

ಇನ್ನು ನಮ್ಮ ಹೊಲದ ಕೆಂಪು ಧೂಳನ್ನು ನೆನೆಯಿರಿ. ಕಣ್ಣಿಗೆ ಕಾಣದ ಒಂದು ಕಣ ಆ ಸಂದಿಗೆ ಹೊಕ್ಕರೆ ಉಕ್ಕನ್ನು ಅರದಂತೆ ಉಜ್ಜುತ್ತದೆ. ಇಂದು ಏನೂ ಗೊತ್ತಾಗುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಬೆಳಗಿನ ಹೊತ್ತು ಎಂಜಿನ್ ಹತ್ತುವುದಿಲ್ಲ, ಕರಿ ಹೊಗೆ ಬರುತ್ತದೆ, ಡೀಸೆಲು ಹೆಚ್ಚು ಸುಡುತ್ತದೆ. ನೀರು ಸೇರಿದರಂತೂ ತುಕ್ಕು. ಆ ಪಂಪಿನೊಳಗಿನ ದಂಡಕ್ಕೆ ಡೀಸೆಲೇ ಎಣ್ಣೆ. ಫಿಲ್ಟರಿನ ಬೆಲೆ ನೂರುಗಳ ಲೆಕ್ಕ. ಪಂಪು, ನಾಜಲುಗಳ ರಿಪೇರಿ ಸಾವಿರಗಳ ಲೆಕ್ಕ. ನೂರು ಉಳಿಸಲು ಹೋಗಿ ಸಾವಿರ ಕಳೆಯುವ ವ್ಯಾಪಾರ ಯಾರಿಗೆ ಬೇಕು?

"ಹಾಗಾದರೆ ಕಂಪನಿಯ ಡಬ್ಬಿಯನ್ನೇ ಕೊಳ್ಳಿ ಎಂದು ಹೇಳಿ ಮುಗಿಸಿಬಿಡಿ" ಎಂದು ನೀವು ಕೇಳಬಹುದು. ಅಷ್ಟು ಸುಲಭವಿಲ್ಲ, ಗೆಳೆಯರೆ. ಟ್ರಾಕ್ಟರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ಮಾಡುವುದಿಲ್ಲ. ಫಿಲ್ಟರು ಮಾಡುವ ಬೇರೆ ಕಾರಖಾನೆಯಿಂದ ಕೊಂಡು, ತಮ್ಮ ಹೆಸರಿನ ಡಬ್ಬಿಯಲ್ಲಿಟ್ಟು ಮಾರುತ್ತವೆ. ಅದೇ ಕಾರಖಾನೆ ತನ್ನ ಸ್ವಂತ ಹೆಸರಿನಲ್ಲೂ ಫಿಲ್ಟರನ್ನು ಪೇಟೆಗೆ ಬಿಡುವುದುಂಟು. ಆದುದರಿಂದ ಪೇಟೆಯಲ್ಲಿರುವುದು ಎರಡು ಜಾತಿಯಲ್ಲ, ಮೂರು. ಒಂದು, ಟ್ರಾಕ್ಟರು ಕಂಪನಿಯ ಡಬ್ಬಿ. ಎರಡು, ಹೆಸರಾಂತ ಫಿಲ್ಟರು ತಯಾರಕನ ಸ್ವಂತ ಡಬ್ಬಿ. ಮೂರು, ಊರು ಹೆಸರಿಲ್ಲದ ಮಾಲು, ಇಲ್ಲವೆ ದೊಡ್ಡವರ ಹೆಸರನ್ನು ಕದ್ದು ಅಚ್ಚು ಹಾಕಿದ ಮಾಲು. ನಮ್ಮ ಅಂಗಡಿಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಒಂದೇ ಮಾತಿನಲ್ಲಿ "ಡೂಪ್ಲಿಕೇಟ್" ಎಂದು ಕರೆದುಬಿಡುತ್ತೇವೆ. ಇದು ದೊಡ್ಡ ಅನ್ಯಾಯ. ಪ್ರಾಮಾಣಿಕ ತಯಾರಕನಿಗೆ ಕಳ್ಳನ ಹೆಸರು ಬರುತ್ತದೆ. ಕಳ್ಳನಿಗೆ ಪ್ರಾಮಾಣಿಕನ ಗಿರಾಕಿ ಸಿಗುತ್ತಾನೆ.

ನಮ್ಮ ನಾಡಿನದೇ ಉದಾಹರಣೆ ತೆಗೆದುಕೊಳ್ಳಿ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿತು. ಅದರ ನೆರವಿನಿಂದ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ 'ಮೈಕೋ', ಹುಟ್ಟಿತು. ಬೆಂಗಳೂರಿನ ಆಡುಗೋಡಿಯ ಆ ಕಾರಖಾನೆಯ ಕಾರ್ಮಿಕರ ಕೈಯಿಂದ ಬಂದ ಪಂಪುಗಳು ದೇಶದ ಲಾರಿ, ಟ್ರಾಕ್ಟರುಗಳಲ್ಲೆಲ್ಲ ಓಡಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು. ಆದರೂ ಹಳೆಯ ಮೇಸ್ತ್ರಿಗಳು ಇಂದಿಗೂ 'ಮೈಕೋ ಪಂಪು' ಎಂದೇ ಹೇಳುತ್ತಾರೆ. ಈ ಕಂಪನಿ ಟ್ರಾಕ್ಟರು ಮಾಡುವುದಿಲ್ಲ. ಪಂಪು ಮಾಡುತ್ತದೆ, ಫಿಲ್ಟರು ಮಾರುತ್ತದೆ. ಪಂಪು ಮಾಡಿದವರ ಫಿಲ್ಟರನ್ನು, ಟ್ರಾಕ್ಟರು ಕಂಪನಿಯ ಡಬ್ಬಿಯಲ್ಲಿಲ್ಲವೆಂಬ ಒಂದೇ ಕಾರಣಕ್ಕೆ, ಡೂಪ್ಲಿಕೇಟ್ ಎನ್ನುವುದು ಯಾವ ನ್ಯಾಯ?

ಇನ್ನೊಂದು ಉದಾಹರಣೆ ನಮ್ಮ ಊರಿಗೆ ಇನ್ನೂ ಹತ್ತಿರದ್ದು. ಎಚ್‌ಎಂಟಿ ಎಂದರೆ ತುಮಕೂರಿನವರಿಗೆ ಕೈಗಡಿಯಾರದ ಕಾರಖಾನೆ. ಅದೇ ಸಂಸ್ಥೆ ಹರಿಯಾಣದ ಪಿಂಜೋರಿನಲ್ಲಿ 1971ರಿಂದ ಚೆಕೊಸ್ಲೊವಾಕಿಯದ ಜೆಟರ್ ಮಾದರಿಯ ಟ್ರಾಕ್ಟರನ್ನೂ ತಯಾರಿಸುತ್ತಿತ್ತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಿಂಜೋರಿನ ಟ್ರಾಕ್ಟರು ವಿಭಾಗಕ್ಕೂ ಬೀಗ ಹಾಕುವ ತೀರ್ಮಾನವಾಯಿತು. ಕಾರಖಾನೆ ಮುಚ್ಚಿದರೆ ರೈತನ ಟ್ರಾಕ್ಟರು ಮುಚ್ಚುತ್ತದೆಯೆ? ಇಲ್ಲ. ಅಂಥ ಟ್ರಾಕ್ಟರನ್ನು ಇಟ್ಟುಕೊಂಡವನಿಗೆ 'ಕಂಪನಿಯ ಡಬ್ಬಿಯನ್ನೇ ಕೊಳ್ಳು' ಎಂಬ ಉಪದೇಶದಿಂದ ಏನು ಪ್ರಯೋಜನ? ಅವನ ಯಂತ್ರದ ಜೀವ ಉಳಿದಿರುವುದೇ ಹೊರಗಿನ ಒಳ್ಳೆಯ ತಯಾರಕರಿಂದ ಮತ್ತು ಆ ಮಾಲನ್ನು ಹುಡುಕಿ ತಂದಿಡುವ ಸಣ್ಣ ವ್ಯಾಪಾರಿಗಳಿಂದ.

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದು ಯಾರೂ ತಿಳಿಯಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಳ್ಳೆಯ ಫಿಲ್ಟರಿನ ಕಾಗದ ಸಾಮಾನ್ಯ ಕಾಗದವಲ್ಲ. ಅದನ್ನು ರಾಳದಲ್ಲಿ ಅದ್ದಿ, ಬಿಸಿಯಲ್ಲಿ ಗಟ್ಟಿಮಾಡಿ, ಒತ್ತೊತ್ತಾಗಿ ಮಡಿಸಿರುತ್ತಾರೆ. ಮಡಿಕೆ ಹೆಚ್ಚಿದ್ದಷ್ಟೂ ಕೊಳೆ ಹಿಡಿಯುವ ಜಾಗ ಹೆಚ್ಚು. ಕಳಪೆ ಮಾಲಿನಲ್ಲಿ ಮೊದಲು ಉಳಿಸುವುದೇ ಈ ಕಾಗದದಲ್ಲಿ. ಮಡಿಕೆ ಕಡಿಮೆ; ಬೇಗ ಕಟ್ಟಿಕೊಳ್ಳುತ್ತದೆ; ಏರು ಹತ್ತುವಾಗ ಭಾರ ಹೊತ್ತ ಟ್ರಾಕ್ಟರು ಉಸಿರು ಬಿಡುತ್ತದೆ. ಇಲ್ಲವೆ ಕಾಗದದ ರಂಧ್ರ ದೊಡ್ಡದು. ಎಂಜಿನ್ ಚೆನ್ನಾಗಿ ಓಡುತ್ತಲೇ ಇರುತ್ತದೆ, ಧೂಳೂ ಡೀಸೆಲಿನ ಜೊತೆಗೆ ಸಲೀಸಾಗಿ ಹೋಗುತ್ತಿರುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಅದು ದೂರು ಹೇಳುವುದಿಲ್ಲ. ಕೆಲವದರಲ್ಲಿ ಅಂಟು ಡೀಸೆಲಿಗೆ ಕರಗಿ ಬಿಡುತ್ತದೆ, ಎಳೆ ಕಿತ್ತು ಬರುತ್ತದೆ. ಕಾಯಬೇಕಾದುದೇ ಕೊಳೆಯನ್ನು ಒಳಗೆ ಬಿಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ರಬ್ಬರಿನ ಉಂಗುರ ಸರಿಯಾಗಿ ಕೂರದಿದ್ದರೆ ಗಾಳಿ ಎಳೆಯುತ್ತದೆ, ಎಂಜಿನ್ ಹತ್ತುವುದಿಲ್ಲ, ಚಾಲಕನ ಮೇಲೆ ತಪ್ಪು ಬೀಳುತ್ತದೆ.

ಫಿಲ್ಟರು ಎಷ್ಟು ಸಣ್ಣ ಕಣವನ್ನು ಹಿಡಿಯುತ್ತದೆಂದು ಅಳೆಯಲು ಐಎಸ್‌ಒ 19438 ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಇದೆ. ಅದನ್ನು ನಾವು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾಡಲಾರೆವು. ಆದರೆ ನಮ್ಮ ಕೈಲಾಗುವ ಪರೀಕ್ಷೆಗಳೂ ಉಂಟು. ಮೊದಲನೆಯದು, ಡಬ್ಬಿಯನ್ನು ಓದುವುದು. 2011ರ ಪೊಟ್ಟಣ ಸಾಮಗ್ರಿಗಳ ನಿಯಮದಂತೆ ತಯಾರಕನ ಹೆಸರು, ವಿಳಾಸ, ತಯಾರಾದ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ವಿಳಾಸ ಇವೆಲ್ಲ ಅದರ ಮೇಲೆ ಇರಲೇಬೇಕು. ಇಲ್ಲದ ಡಬ್ಬಿಯನ್ನು ಹಿಂದಕ್ಕೆ ಕೊಡಿ. ಎರಡನೆಯದು, ಟ್ರಾಕ್ಟರಿನ ಪುಸ್ತಕದಲ್ಲಿರುವ ಬಿಡಿಭಾಗದ ಸಂಖ್ಯೆಗೆ ಈ ಫಿಲ್ಟರು ಹೊಂದುತ್ತದೆಯೋ ಎಂದು ತಯಾರಕನ ಪಟ್ಟಿಯಲ್ಲಿ ನೋಡುವುದು. 'ಕೂರುತ್ತದೆ' ಎಂಬುದೂ 'ಹೊಂದುತ್ತದೆ' ಎಂಬುದೂ ಒಂದೇ ಅಲ್ಲ. ಮೂರನೆಯದು, ಹಳೆಯ ಫಿಲ್ಟರನ್ನು ಎಸೆಯುವ ಮುಂಚೆ ಗರಗಸದಿಂದ ಕೊಯ್ದು ನೋಡುವುದು. ಮಡಿಕೆ ಸಮವಾಗಿದೆಯೆ, ಅಂಟು ಬಿಟ್ಟಿದೆಯೆ, ಕಾಗದ ಹರಿದಿದೆಯೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ನಾಲ್ಕನೆಯದು, ರಸೀದಿ. ರಸೀದಿಯಿಲ್ಲದ ಮಾಲಿಗೆ ಅಪ್ಪ ಅಮ್ಮ ಇಲ್ಲ.

ಯಾವಾಗ ಯಾವುದನ್ನು ಕೊಳ್ಳಬೇಕು? ವಾರಂಟಿಯ ಅವಧಿ ಇರುವವರೆಗೆ ಕಂಪನಿಯ ಡಬ್ಬಿಯನ್ನೇ ಕೊಂಡು ರಸೀದಿ ಇಟ್ಟುಕೊಳ್ಳಿ. ಕಾರು ಕಂಪನಿಗಳ ವಿಷಯದಲ್ಲಿ 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ ಒಂದು ತೀರ್ಪು ಕೊಟ್ಟಿತು. ಬಿಡಿಭಾಗಗಳನ್ನು ಹೊರಗಿನ ಮೇಸ್ತ್ರಿಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡವೆಂದು 14 ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಹೋಯಿತೆಂದು ಸಾರಾಸಗಟಾಗಿ ಹೇಳಬಾರದೆಂದಿತು. ಕಂಪನಿಗಳು ಅದರ ಮೇಲೆ ಅಪೀಲು ಹೋದವು. ತೀರ್ಪಿನ ತತ್ವ ನಮಗೆ ಪ್ರಿಯವಾದುದೇ. ಆದರೆ ಅದು ಕಾರಿನ ಮಾತು; ರಾಗಿ ಬಿತ್ತನೆಯ ಹದ ತಪ್ಪುತ್ತಿರುವಾಗ ಟ್ರಾಕ್ಟರಿನ ರೈತ ವಕೀಲರ ಮನೆಯಲ್ಲಿ ಕೂರಲಾದೀತೆ? ವಾರಂಟಿ ಮುಗಿದ ಮೇಲೆ, ಹೆಸರಾಂತ ತಯಾರಕನ, ಸಂಖ್ಯೆ ಹೊಂದುವ ಫಿಲ್ಟರನ್ನು ಧಾರಾಳವಾಗಿ ಹಾಕಿ. ಮೂರನೆಯ ಜಾತಿಯನ್ನು ಮಾತ್ರ ಎಂದಿಗೂ ಮುಟ್ಟಬೇಡಿ.

ಹೊಸ ದೊಡ್ಡ ಟ್ರಾಕ್ಟರು ಇರುವವರು ಇನ್ನೂ ಜಾಗರೂಕರಾಗಿರಬೇಕು. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದಿದೆ. ಅದಕ್ಕಾಗಿ ಇವುಗಳಲ್ಲಿ ಹೆಚ್ಚಿನವು ಕಾಮನ್ ರೈಲ್ ಪದ್ಧತಿಗೆ ಬಂದಿವೆ. ಅಲ್ಲಿ ಒತ್ತಡ ಸಾವಿರ ಬಾರನ್ನು ಮೀರುತ್ತದೆ. ಹಳೆಯ ಪಂಪು ಸಹಿಸಿದ ಧೂಳನ್ನು ಅದು ಸಹಿಸದು.

ಫಿಲ್ಟರು ಎಷ್ಟು ಒಳ್ಳೆಯದಾದರೂ ನಮ್ಮ ಕೈ ಕೊಳಕಾದರೆ ಫಲವಿಲ್ಲ. ಡೀಸೆಲು ತರುವ ಕ್ಯಾನು ಮುಚ್ಚಳವುಳ್ಳದ್ದಾಗಿರಲಿ. ಸಂಜೆಯೇ ಟ್ಯಾಂಕು ತುಂಬಿಸಿಡಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಕೆಳಗಿನ ತಿರುಪು ಸಡಿಲಿಸಿ ಆಗಾಗ್ಗೆ ನೀರು ಬಸಿಯಿರಿ. ಕಾಗದದ ಫಿಲ್ಟರನ್ನು ತೊಳೆದು, ಗಾಳಿ ಊದಿ ಮತ್ತೆ ಹಾಕುವ ಜಿಪುಣತನ ಬೇಡ. ಹೊಸ ಫಿಲ್ಟರಿನೊಳಗೆ ಸೋಸದ ಡೀಸೆಲು ಸುರಿದು ಕೂರಿಸುವುದೂ ಬೇಡ. ಕೈಪಂಪು ಒತ್ತಿ, ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಿಸಿ. ಪುಸ್ತಕ ಹೇಳಿದಷ್ಟು ಗಂಟೆ ತುಂಬಿದೊಡನೆ ಬದಲಾಯಿಸಿ; ಹಾಕಿದ ದಿನಾಂಕವನ್ನೂ ಮೀಟರಿನ ಗಂಟೆಯನ್ನೂ ಫಿಲ್ಟರಿನ ಮೈಮೇಲೇ ಬರೆಯಿರಿ.

ಕೊನೆಯದಾಗಿ ವ್ಯಾಪಾರಿ ಮಿತ್ರರಿಗೆ ಒಂದು ಮಾತು. ನಕಲಿ ಮಾಲಿನಲ್ಲಿ ಲಾಭಾಂಶ ಹೆಚ್ಚು ಎಂಬುದು ನಮಗೆ ಗೊತ್ತು. ಬಾಡಿಗೆ, ಬಡ್ಡಿ, ಸಾಲದ ಗಿರಾಕಿ ಇವುಗಳ ನಡುವೆ ಅಂಗಡಿ ನಡೆಸುವ ಕಷ್ಟವೂ ಗೊತ್ತು. ಆದರೆ 1999ರ ಟ್ರೇಡ್ ಮಾರ್ಕ್ ಕಾನೂನಿನ ಪ್ರಕಾರ ಸುಳ್ಳು ಹೆಸರಿನ ಮಾಲು ಮಾರುವವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಮಾಡಿದವನು ಎಲ್ಲೋ ದೂರದಲ್ಲಿರುತ್ತಾನೆ; ಸಿಕ್ಕಿಬೀಳುವವನು ಗುಬ್ಬಿಯ, ಕುಣಿಗಲ್ಲಿನ ಅಂಗಡಿಯವನು. ಎಚ್ಚರ ವಹಿಸಿ ಕೊಂಡೆ, ಅನುಮಾನಕ್ಕೆ ಕಾರಣವಿರಲಿಲ್ಲ, ಇಂಥವನಿಂದ ಕೊಂಡೆ ಎಂದು ತೋರಿಸಬಲ್ಲವನಿಗೆ ಅದೇ ಕಾನೂನು ರಕ್ಷಣೆಯನ್ನೂ ಕೊಟ್ಟಿದೆ. ಆ ರಕ್ಷಣೆ ಯಾವುದು? ಸಗಟು ವ್ಯಾಪಾರಿಯಿಂದ ನೀವು ಪಡೆದ ರಸೀದಿ.

ಕೊಳ್ಳುವವನಿಗೂ ಅದೇ ಆಯುಧ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಟ್ರಾಕ್ಟರು ಇಟ್ಟುಕೊಂಡವನು 2019ರ ಗ್ರಾಹಕ ರಕ್ಷಣಾ ಕಾನೂನಿನ ಕಣ್ಣಿನಲ್ಲಿ ಗ್ರಾಹಕನೇ. ಮೋಸ ಹೋದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು; ಕೊಂಡ ಮಾಲಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. 1915ಕ್ಕೆ ದೂರವಾಣಿ ಮಾಡಿದರೆ ಸಲಹೆ ಸಿಗುತ್ತದೆ.

ಒಂದು ಹಳ್ಳಿಯ ನಾಲ್ಕೈದು ಟ್ರಾಕ್ಟರಿನವರು ಕೂಡಿ, ನಂಬುಗೆಯ ಒಂದು ಅಂಗಡಿಯಲ್ಲಿ ವರ್ಷಕ್ಕೆ ಬೇಕಾದ ಫಿಲ್ಟರುಗಳನ್ನು ಒಟ್ಟಿಗೆ ಕೊಂಡರೆ ದರ ಇಳಿಯುತ್ತದೆ, ಅಂಗಡಿಯವನಿಗೂ ಖಾತ್ರಿಯ ವ್ಯಾಪಾರವಾಗುತ್ತದೆ, ನಕಲಿಗೆ ಜಾಗವಿಲ್ಲದಾಗುತ್ತದೆ. ಅಂಗಡಿಯವರು ಕಂಪನಿಯ ಡಬ್ಬಿಯನ್ನೂ ತಯಾರಕನ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು, ಎರಡರ ಬೆಲೆಯನ್ನೂ ಬಾಯಿಬಿಟ್ಟು ಹೇಳಲಿ. ಮೂರನೆಯದನ್ನು ಅಂಗಡಿಯೊಳಕ್ಕೆ ಬಿಟ್ಟುಕೊಳ್ಳದಿರಲಿ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದನ್ನು ಅಡಕೆ ಬೆಳೆಯುವ ಈ ಸೀಮೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇನ್ನು ಮುಂದೆ ಅಂಗಡಿಯಲ್ಲಿ "ಒರಿಜಿನಲ್ಲೋ ಡೂಪ್ಲಿಕೇಟೋ" ಎಂದು ಕೇಳಿದರೆ, "ಯಾರು ಮಾಡಿದ್ದು, ಯಾವ ಸಂಖ್ಯೆ, ರಸೀದಿ ಕೊಡುತ್ತೀಯಾ?" ಎಂದು ಮರುಪ್ರಶ್ನೆ ಹಾಕಿ. ಈ ಮೂರಕ್ಕೂ ಉತ್ತರ ಬಂದರೆ ಕೊಳ್ಳಿ. ಒಂದಕ್ಕೆ ಬಾರದಿದ್ದರೂ ಮುಂದಿನ ಅಂಗಡಿಗೆ ನಡೆಯಿರಿ.