ರೂಪಾಯಿಯ ತೂಕ



ಚಿಲ್ಲರೆ ಎಣಿಸುವಾಗ ನಮ್ಮ ವಾಚನಾಲಯದಲ್ಲಿ ಒಂದು ಪ್ರಶ್ನೆ ಏಳುತ್ತದೆ: ರೂಪಾಯಿ ಇಷ್ಟು ಹಗುರವಾದದ್ದೇಕೆ? ನಾವು ತಿಳಿದಷ್ಟನ್ನು ಅರಿಕೆ ಮಾಡುತ್ತೇವೆ.

1835ರ ಕಂಪನಿ ರೂಪಾಯಿಯ ತೂಕ 180 ಗ್ರೇನು, ಎಂದರೆ ಒಂದು ತೊಲ; ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಕಲ್ಲಾಗುತ್ತಿತ್ತು. ಎಂಬತ್ತು ರೂಪಾಯಿ ತೂಗಿದರೆ ಸರಕಾರಿ ಸೇರು.

ಯುದ್ಧಕಾಲದಲ್ಲಿ, 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತೂಕ ಮಾತ್ರ ಅದೇ! ಮೋಸಹೋಗುವುದು ಇಲ್ಲಿಯೇ. ಊರಿನ ಪೆಟ್ಟಿಗೆಯಲ್ಲಿ ಅಜ್ಜಿ ಕಟ್ಟಿಟ್ಟ ರೂಪಾಯಿಗಳಿದ್ದರೆ, ಮಾರುವ ಮುನ್ನ ತೂಕವನ್ನಷ್ಟೇ ನಂಬದೆ ಇಸವಿ ಓದಿರಿ. 1939ರ ವರೆಗಿನದರಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ, ಆಮೇಲಿನದರಲ್ಲಿ 5.8. 1947ರದಂತೂ ಬರೀ ನಿಕ್ಕಲ್. ಆದರೂ ತೂಕ ತೊಲವೇ.

ಮುಂದೆ ತೂಕವೂ ಇಳಿಯಿತು. 1962ರಲ್ಲಿ 10 ಗ್ರಾಂ, 1975ರಲ್ಲಿ 8, 1992ರ ಉಕ್ಕಿನ ನಾಣ್ಯ 4.85, 2011ರದು 3.79. ಲೋಹದ ಬೆಲೆ ನಾಣ್ಯದ ಬೆಲೆಯನ್ನು ಮೀರಿತೆನ್ನಿ, ಕರಗಿಸಿ ಮಾರುವವರು ಹುಟ್ಟುತ್ತಾರೆ, ಚಿಲ್ಲರೆ ಮಾಯವಾಗುತ್ತದೆ. ಆಗ ಅಂಗಡಿಯವನು ಬಾಕಿಗೆ ಬದಲು ಪೆಪ್ಪರಮಿಂಟು ಕೊಡುವುದು ನಮ್ಮಂಥ ಪಗಾರದವರ ಕೈಗೇ.

ಹಗುರವಾದದ್ದರಿಂದಲೇ ರೂಪಾಯಿಗೆ ಬೆಲೆ ಹೋಯಿತೆಂದು ಕೆಲವರು ವಾದಿಸುತ್ತಾರೆ. ನಮಗದು ಒಪ್ಪಿಗೆಯಿಲ್ಲ. ವಸ್ತುಗಳ ಬೆಲೆ ಏರಿತು, ಲೋಹದ್ದೂ ಏರಿತು. ನಾಣ್ಯ ಹಗುರವಾದದ್ದು ಅದರ ಹಿಂದಿನಿಂದ.

ಹಳೆಯ ರೂಪಾಯಿ ಇದ್ದವರು ಭಾನುವಾರ ತನ್ನಿರಿ. ಸವೆದ ಇಸವಿ ಓದಲು ವಾಚನಾಲಯದ ಮೇಜಿನಲ್ಲಿ ಭೂತಗನ್ನಡಿ ಇದೆ.